ವಿಯೆಟ್ನಾಮಿನ ಬೀಗರು

ಸಿಂಧನೂರಿನ ಕಡೆ ಈ ಸಂಗತಿಯನ್ನು ನಗುತ್ತ ಹೇಳುತ್ತಾರೆ, ಲಿಂಗಸುಗೂರಿನ ಕಡೆ ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ಮಸ್ಕಿಯಲ್ಲಿ ಮಾತ್ರ ಗಾದಿಲಿಂಗ ಸರ್ ಹತ್ತಿರದಲ್ಲಿಲ್ಲವೆಂದು ಖಚಿತಪಡಿಸಿಕೊಂಡು ಹೇಳುತ್ತಾರೆ. ಮೂರೂ ಕಡೆ ಕತೆ ಹುಟ್ಟುವುದು ಒಂದೇ ಮಾತಿನಿಂದ: 'ಏನಿಲ್ಲ'.

ಗಾದಿಲಿಂಗ ಮಸ್ಕಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಭತ್ತದ ಬೇಸಾಯ ಕಲಿತು ಬರಲೆಂದು ಕಾಲೇಜು ಮೂವರು ವಿದ್ಯಾರ್ಥಿಗಳನ್ನು ಒಂದು ತಿಂಗಳ ಮಟ್ಟಿಗೆ ವಿಯೆಟ್ನಾಮಿಗೆ ಕಳುಹಿಸಿತ್ತು. ಅದರ ಏರ್ಪಾಡೆಲ್ಲ ಅವನದು. ಮುಂದಿನ ವರ್ಷದ ತಂಡದ ಜೊತೆ ಹೋಗುವ ಸರದಿಯೂ ಅವನದೇ. ಸಿಂಧನೂರಿನಿಂದ ತಂದ ನೀಲಿ ಸೂಟ್‌ಕೇಸು ಪ್ಲಾಸ್ಟಿಕ್ ಹೊದಿಕೆಯ ಸಮೇತ ಪಡಸಾಲೆಯಲ್ಲಿ ಹೊಸ ಅಳಿಯನಂತೆ ಬಿಗಿದುಕೊಂಡು ಕುಳಿತಿತ್ತು. ಹೆಂಡತಿ ಯಮನೂರಮ್ಮ ಬಂದವರಿಗೆಲ್ಲ ಮೊದಲು ಅದನ್ನು ತೋರಿಸಿ, ಆಮೇಲೆ ನೀರು ಕೊಡುತ್ತಿದ್ದಳು.

ಆ ಬೆಳಿಗ್ಗೆ ಮೌಲ್ಯಮಾಪನ ಸಮಿತಿಯ ಅಧ್ಯಕ್ಷೆ ಫೋನು ಮಾಡಿದರು.

"ಗಾದಿಲಿಂಗ ಅವರೇ, ಮೂವರೂ ಎಲ್ಲ ಪ್ರಶ್ನೆಗೂ 'ಅತ್ಯುತ್ತಮ' ಅಂತ ಬರೆದಿದ್ದಾರೆ. 'ಕೊರತೆಗಳೇನು?' ಅಂತ ಕೇಳಿದರೆ ಮೂವರದೂ 'ಏನಿಲ್ಲ'. ನೀವೇ ಹೇಳಿ ಬರೆಸಿದಿರಾ?"

"ಇಲ್ರೀ ಮೇಡಂ, ಆಣಿ ಮಾಡಿ ಹೇಳ್ತೀನಿ..."

"ಕೊರತೆ ಇಲ್ಲದ ಕಾರ್ಯಕ್ರಮವನ್ನು ನಾನು ಕಂಡಿಲ್ಲ. ಇವತ್ತು ಸಂಜೆಯೊಳಗೆ ವಿದ್ಯಾರ್ಥಿಗಳು ತಮ್ಮ ದನಿಯಲ್ಲೇ ಹೇಳಿ, ನೇರವಾಗಿ ನನಗೆ ಕಳಿಸಲಿ. ಇಲ್ಲದಿದ್ದರೆ ಕಾರ್ಯಕ್ರಮ ರದ್ದು."

ಪಕ್ಕದ ಕುರ್ಚಿಯ ಸಹೋದ್ಯೋಗಿ ಶರಣಬಸವ ಕತ್ತು ಚಾಚಿ ಕೇಳಿಸಿಕೊಂಡಿದ್ದ. "ಮೇಡಂ ಸಿಟ್ಟಿಗೆದ್ದಾರೇನ್ರೀ? ಚಿಂತಿ ಬ್ಯಾಡ. ನಿಮಗ ಆಗಲಿಲ್ಲಂದ್ರ ನಂದೂ ಪಾಸ್‌ಪೋರ್ಟ್ ಐತಿ."

ಗಾದಿಲಿಂಗ ಬೈಕು ಹತ್ತಿದ.

ಮೊದಲು ಗುರುಗುಂಟಾ. ವಿದ್ಯಾರ್ಥಿ ದುರುಗೇಶನ ಹೊಲದ ಬೆದರುಗೊಂಬೆ ಹೊಚ್ಚಹೊಸ ಉಣ್ಣೆಯ ಸ್ವೆಟರು ತೊಟ್ಟು ನಿಂತಿತ್ತು. ಅದು ವಿಯೆಟ್ನಾಮಿಗೆ ಒಯ್ಯಲು ತಾನೇ ಹೇಳಿ ಕೊಡಿಸಿದ ಸ್ವೆಟರೆಂದು ಗುರುತಾದರೂ, ಅಲ್ಲೇಕೆ ಬಂತೆಂದು ವಿಚಾರಿಸುವಷ್ಟು ವ್ಯವಧಾನ ಗಾದಿಲಿಂಗನಿಗಿರಲಿಲ್ಲ.

"ದುರುಗೇಶ, ಆ ದೇಶದಾಗ ಒಂದರೆ ತಪ್ಪು ಕಂಡಿರಬೇಕಲ್ಲೋ. ಹೇಳಪ್ಪಾ!"

ದುರುಗೇಶ ತಂದೆಯ ಮುಖ ನೋಡಿದ. ತಂದೆ ದುರುಗಪ್ಪ ತಲೆಯ ರುಮಾಲು ತೆಗೆದು ಕೊಡವಿ, "ಅಲ್ರೀ ಸರ, ತಿಂಗಳಪೂರ್ತಿ ಅವರ ಉಪ್ಪು ಉಂಡು ಬಂದಾನ. ಉಂಡ ಮನಿ ಜಂತಿ ಎಣಸು ಅಂತೀರೇನು? ನೀವು ಕಲಿಸಾವ್ರು!" ಎಂದ. ಸರ್ ಇಷ್ಟು ಕಂಗೆಟ್ಟಿರುವಾಗ ಒಬ್ಬರನ್ನೇ ಬಿಡಬಾರದೆಂದು ಮಗನನ್ನು ಬೈಕಿನ ಹಿಂದೆ ಕೂರಿಸಿ ಕಳುಹಿಸಿದ.

ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಎರಡನೆಯ ವಿದ್ಯಾರ್ಥಿನಿ ಮಿನತಿ ಮಂಡಲಳ ತಾಯಿ ಮೀನು ಒಣಗಿಸುತ್ತಿದ್ದಳು. ಗಾದಿಲಿಂಗನ ಬೇಡಿಕೆ ಕೇಳಿ ಮಿನತಿ ದನಿ ತಗ್ಗಿಸಿದಳು: "ನಮ್ಮವ್ವ ಕೊಲ್ತಾಳ ಸರ್. ನಮ್ಮಜ್ಜ ಎಲ್ಲಾ ಕಳಕೊಂಡು ಈ ಕ್ಯಾಂಪಿಗೆ ಬಂದಾಗ ಯಾರೋ ಅನ್ನ ಹಾಕಿದ್ರಂತ. ಅನ್ನದಾಗ ಕಲ್ಲಿದ್ವೇನು ಅಂತ ಇವತ್ತಿನ ತನಕ ನಮ್ಮನ್ಯಾಗ ಯಾರೂ ಕೇಳಿಲ್ಲ." ಗಾದಿಲಿಂಗ ಬೈಕಿನತ್ತ ತಿರುಗಿದ. ಅವನ ಮುಖ ಕಂಡು ಮಿನತಿಯೂ ಸ್ಕೂಟಿ ಹತ್ತಿ ಹಿಂಬಾಲಿಸಿದಳು.

ಹೀಗೆ ದೂರು ಹುಡುಕುವ ಒಬ್ಬನೂ, ದೂರು ಹೇಳದ ಇಬ್ಬರೂ ಕೂಡಿ ಜವಳಗೇರಾ ಸೇರುವಾಗ ಬಿಸಿಲು ಇಳಿಯತೊಡಗಿತ್ತು. ಮೂರನೆಯ ವಿದ್ಯಾರ್ಥಿನಿ ಗಾಯತ್ರಿಯೂ ತಲೆಯಾಡಿಸಿ "ಏನಿಲ್ರೀ ಸರ್" ಎಂದಾಗ ಗಾದಿಲಿಂಗ ಪಡಸಾಲೆಯ ಕಂಬಕ್ಕೆ ಒರಗಿ, ಭತ್ತ ತೆಗೆದ ಚೀಲದಂತೆ ಕುಸಿದ.

ಗಾಯತ್ರಿಯ ಅಜ್ಜಿ ಶೇಖರಮ್ಮ ಅಡಕೆ ಕುಟ್ಟುತ್ತ ಎಲ್ಲವನ್ನೂ ಕೇಳಿದಳು. ಸುತ್ತಲಿನ ಹಳ್ಳಿಗಳಲ್ಲಿ ಅವಳಿಲ್ಲದೆ ಬೀಗರ ಹಾಡು ಏಳುತ್ತಿರಲಿಲ್ಲ. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುವುದು ಆ ಸೀಮೆಯಲ್ಲಿ ಮರ್ಯಾದೆ. ಬೈಯದೆ ಬಿಟ್ಟರೆ, ತಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂದು ಬೀಗರೇ ಮುನಿಸಿಕೊಳ್ಳುತ್ತಾರೆ.

"ಬೈದ್ರ ನಿಮ್ಮ ಕೆಲಸ ಆಗತದ. ಉಂಡಾವ್ರು ಬೈಬಾರದು. ಹಂಗಾರ ಆ ಮಂದಿನ್ನ ಬೀಗರನ್ನ ಮಾಡ್ಕೊಂಡ್ರಾತು," ಎಂದಳು ಶೇಖರಮ್ಮ.

"ಬೀಗರು ಹ್ಯಾಂಗ ಆಗತಾರಬೇ ಯಮ್ಮಾ?" ಎಂದಳು ಗಾಯತ್ರಿ.

"ನಮ್ಮ ಮಕ್ಕಳನ್ನ ಅವರ ಮನಿಗೆ ಕಳಿಸೀವಿ. ಇದೂ ಸಂಬಂಧನ. ನಡುವ ನಿಂತು ಕೂಡಿಸಿದಾವ್ರು ಯಾರು?"

"ನಾನರೀ," ಎಂದ ಗಾದಿಲಿಂಗ, ಎದೆಯುಬ್ಬಿಸಿ.

ಮುದುಕಿ ಅವನನ್ನು ಒಂದು ಗಳಿಗೆ ಕನಿಕರದಿಂದ ನೋಡಿದಳು. "ಗಾಯತ್ರಿ, ಸರ್‌ಗೆ ಶೇಂಗಾ ಹೋಳಿಗಿ ನೀಡಬೇ. ತುಪ್ಪ ಸಡ್ಲಗೈಲೆ ಹಾಕು. ಕೂಡಿಸಿದಾವ್ರು ಉಣ್ಣದs ಹಾಡು ಮುಗಸೂ ಹಂಗಿಲ್ಲ."

ಇಂಥ ಗೌರವ ಕಾಲೇಜಿನಲ್ಲಿ ತನಗೆ ಎಂದೂ ಸಿಕ್ಕಿರಲಿಲ್ಲವೆಂದು ಗಾದಿಲಿಂಗ ಎರಡನೆಯ ಹೋಳಿಗೆಯನ್ನೂ ಬೇಡವೆನ್ನಲಿಲ್ಲ. ಮಿನತಿ ಫೋನಿನಲ್ಲಿ ದನಿ ಹಿಡಿಯತೊಡಗಿದಳು. ಶೇಖರಮ್ಮ ಎತ್ತಿಕೊಟ್ಟಳು, ಮೂವರೂ ತಾವು ಕಂಡದ್ದನ್ನು ಅದರಲ್ಲಿ ಹಾಡಿ ಸೇರಿಸಿದರು:

ಬೀಗರ ಮನಿ ಊಟ ಏನಂತ ಹೇಳಲೇ ತಂಗಿ
ಸಾರೀಗಿ ಖಾರಿಲ್ಲ, ಚಾದಾಗ ಹಾಲಿಲ್ಲ
ರೊಟ್ಟಿ ಬೇಡಿದರ ಹಸಿ ತಪ್ಪಲ ನೀಡ್ಯಾರ

ಗದ್ದಿ ತೋರಸ್ತೀವಂತ ಕರಿಸ್ಯಾರ ಬೀಗರು
ಕೆಸರೀಗಿ ಕಾಲಿಲ್ಲ, ಸಸಿ ಹಚ್ಚಲಿಲ್ಲ
ಗ್ವಾಡಿ ಮ್ಯಾಲಿನ ಗದ್ದಿ ನೋಡಿ ಬಂದೇವ

ಗಾದಿಲಿಂಗನ ಕಣ್ಣಲ್ಲಿ ನೀರೇ ಬಂತು. ಭತ್ತ ಕಲಿಯಹೋದವರಿಗೆ ತಿಂಗಳಿಡೀ ಗೋಡೆಯ ಮೇಲಿನ ಪರದೆಯಲ್ಲಿ ಗದ್ದೆ ತೋರಿಸಿದ್ದಾರೆ! ಕೊರತೆಯೆಂದರೆ ಇದು, ಸಮಿತಿ ಬಯಸಿದ್ದೂ ಇದನ್ನೇ. ಹೆಂಡತಿಗೆ ತಿಳಿಸಲೇಬೇಕೆಂದು, ಹಾಡಿನ ಗದ್ದಲ ತಪ್ಪಿಸಿ ಕಾಲುವೆಯ ದಂಡೆಗೆ ಹೋಗಿ ಫೋನು ಹಚ್ಚಿದ. "ಗೆದ್ದೆ ನೋಡು! ಸುಭಾನಬಿಗೂ ಹೇಳು, ಆಕೀ ಛತ್ರಿ ಮರಿಯಂಗಿಲ್ಲ." ನೆರೆಮನೆಯ ಸುಭಾನಬಿ ವಿಯೆಟ್ನಾಮಿನಿಂದ ಒಂದು ಛತ್ರಿ ತರಲು ಹೇಳಿದ್ದಳು.

ಅವನು ಮರಳುವಷ್ಟರಲ್ಲಿ ಹಾಡು ಮುಗಿದು, ಅಧ್ಯಕ್ಷೆಗೆ ತಲುಪಿಯೂ ಆಗಿತ್ತು. ಮೂವರು ವಿದ್ಯಾರ್ಥಿಗಳೂ ನೆಲ ನೋಡುತ್ತಿದ್ದರು. ಶೇಖರಮ್ಮ ಅವನ ಕೈಗೆ ಎಲೆ ಅಡಕೆ ಇಟ್ಟಳು. ಅದನ್ನು ಮಡಿಚುವ ಮೊದಲೇ ಫೋನು ಬಂತು.

"ಅದ್ಭುತ, ಗಾದಿಲಿಂಗ ಅವರೇ! ಇಂಥ ನೇರವಾದ ಅಭಿಪ್ರಾಯ ನಮಗೆ ಎಲ್ಲಿಂದಲೂ ಬಂದಿಲ್ಲ. ಮುಂದಿನ ಸಲ ಗದ್ದೆಗಿಳಿಸಿಯೇ ಕಲಿಸಬೇಕು ಅಂತ ಅವರಿಗೆ ಬರೆಯುತ್ತೇವೆ. ಕಾರ್ಯಕ್ರಮ ಮುಂದುವರಿಯುತ್ತದೆ. ಆದರೆ ಕೊನೆಯ ನುಡಿ ಇದೆಯಲ್ಲ..."

"ಕೊನೀ ನುಡಿ ಯಾವುದ್ರೀ?"

ಅಧ್ಯಕ್ಷೆ ಅದನ್ನೇ ಕೇಳಿಸಿದರು. ಶೇಖರಮ್ಮನ ದನಿ ಎಲ್ಲರಿಗಿಂತ ಮೇಲಿತ್ತು:

ದೂರದ ಸಂಬಂಧ ಕೂಡಿಸಿದ ಗಾದಿಲಿಂಗ
ಅವರ ಮಾತೊಂದು ಕಲಿಸಲಿಲ್ಲ, ಫೋನೆತ್ತಿ ಕೇಳಲಿಲ್ಲ
ಬೆಂಕಿಯ ಬಿಸಲೀಗಿ ಸ್ವೆಟರ ಕಟ್ಟಿಸ್ಯಾನ

ಗಾದಿಲಿಂಗ ಶೇಖರಮ್ಮನತ್ತ ತಿರುಗಿದ. ಅವಳು ತಣ್ಣಗೆ, "ಬೀಗರ ಹಾಡು ಕೂಡಿಸಿದಾವ್ರ ಮ್ಯಾಲೇ ಮುಗೀಬೇಕಪಾ. ಅದಕ್ಕs ಹೋಳಿಗಿ ನೀಡಿದ್ದು," ಎಂದಳು.

"ಹಾಗಾಗಿ," ಅಧ್ಯಕ್ಷೆಯ ದನಿ ಮುಂದುವರಿಯಿತು, "ಮುಂದಿನ ತಂಡದ ಜವಾಬ್ದಾರಿ ಶರಣಬಸವ ಅವರಿಗೆ ವಹಿಸಿದ್ದೇವೆ. ವಿದ್ಯಾರ್ಥಿಗಳ ಮಾತಿಗೆ, ಆ ಅಜ್ಜಿಯ ಮಾತಿಗೆ ನಿಮ್ಮ ಆಕ್ಷೇಪ ಏನಾದರೂ ಇದ್ದರೆ ಈಗಲೇ ಹೇಳಿ. ಬರೆದುಕೊಳ್ಳುತ್ತೇನೆ."

ಹೇಳಲು ಅವನ ಬಳಿ ಒಂದು ಗಾಡಿಯಷ್ಟಿತ್ತು. ಬಾಯಿ ತೆರೆದ. ಬೆರಳುಗಳಲ್ಲಿ ತುಪ್ಪದ ಜಿಡ್ಡು ಇನ್ನೂ ಆರಿರಲಿಲ್ಲ. ತಲೆಯೆತ್ತಿದರೆ ಶೇಖರಮ್ಮನ ಮನೆಯ ಜಂತಿಗಳು, ಹೊಗೆಗೆ ಕಪ್ಪಾಗಿ, ಸಾಲಾಗಿ ಕಾಣುತ್ತಿದ್ದವು. ಗಾದಿಲಿಂಗ ಮೆಲ್ಲನೆ ಕಣ್ಣು ತಗ್ಗಿಸಿದ.

"ಏನಿಲ್ರೀ ಮೇಡಂ," ಎಂದ.