ಐಚ್ಛಿಕ ಪ್ರಬಂಧ ಮತ್ತು ಮಿಸೆಸ್ ಹಾಲ್ವರ್ಸನ್ ಅವರ ಛಾವಣಿ

ಕಾಲೇಜಿನ ಅರ್ಜಿಯ ಕೊನೆಗೆ ಒಂದು ಖಾಲಿ ಚೌಕವಿತ್ತು. ‘ನೀವು ಎದುರಿಸಿದ ಕಷ್ಟವೊಂದರ ಬಗ್ಗೆ ಬರೆಯಿರಿ. ಇದು ಐಚ್ಛಿಕ.’ ಕೋಡಿ ಲುಂಡೀನ್ ಆ ಕೊನೆಯ ಮಾತನ್ನು ನಂಬಿ, ಉಳಿದದ್ದನ್ನೆಲ್ಲ ಕಳಿಸಿ ಹಾಯಾಗಿದ್ದ. ಪ್ರಬಂಧ ಸೇರಿಸಲು ಅಂದು ಸಂಜೆ ಐದರವರೆಗೆ ಅವಕಾಶವಿತ್ತು.

“ಐಚ್ಛಿಕ ಅಂದ್ರೆ ಕಡ್ಡಾಯ ಅಂತ ಕಣೋ, ಪೆದ್ದ!” ಎಂದರು ಪಕ್ಕದ ಮನೆಯ ಮಿಸೆಸ್ ಹಾಲ್ವರ್ಸನ್, ಬೇಲಿಯ ಮೇಲೆ ಕಾಫಿ ಲೋಟ ಇಟ್ಟು. ಮೂವತ್ತು ವರ್ಷ ಅದೇ ಊರು ಡುಲೂತ್‌ನ ಶಾಲೆಯಲ್ಲಿ ಪಾಠ ಹೇಳಿದವರು. “ಊಟಕ್ಕೆ ಕರೆದಾಗ ‘ಏನೂ ತರಬೇಡಿ’ ಅಂತೀವಿ. ಈ ಊರಲ್ಲಿ ಯಾರಾದ್ರೂ ಬರಿಗೈಲಿ ಬರ್ತಾರಾ?”

ಕೋಡಿಗೆ ಆ ಕಾಲೇಜಿನ ಪ್ರತಿಭಾ ವಿದ್ಯಾರ್ಥಿವೇತನ ಸಿಗದಿದ್ದರೆ ಭೂವಿಜ್ಞಾನದ ಆಸೆ ಬಿಟ್ಟು ರಸ್ ಮಾವನ ಸೈಲೆನ್ಸರ್ ರಿಪೇರಿ ಅಂಗಡಿ ಸೇರಬೇಕಿತ್ತು.

“ಆದ್ರೆ ನಂಗೆ ಕಷ್ಟವೇ ಇಲ್ವಲ್ಲ!”

“ಅಪ್ಪ, ಅಮ್ಮ?”

“ಚೆನ್ನಾಗಿದಾರೆ.”

“ಅಜ್ಜಿ?”

“ಬೌಲಿಂಗ್ ಆಡೋಕೆ ಹೋಗಿದಾರೆ.”

“ನಾಯಿ?”

“ಎರಡು ಸಲ ತಿಂದು ಮಲಗಿದೆ.”

“ಛೇ! ಅದಾದ್ರೂ ಸ್ವಲ್ಪ ಸಹಕರಿಸಬಾರದಾ?”

ಅಷ್ಟರಲ್ಲಿ ಏಣಿ ಹೇರಿದ ಟ್ರಕ್ಕಿನಲ್ಲಿ ರಸ್ ಮಾವ ಬಂದ. “ಕಷ್ಟ ಇಲ್ದಿದ್ರೆ ಪರೋಪಕಾರ ಬರಿ. ಈಯಮ್ಮನ ಛಾವಣಿ ಮೇಲಿನ ಹಿಮ ತೆಗಿ. ‘ವಯಸ್ಸಾದ ಒಂಟಿ ಹೆಂಗಸು’ ಅಂತ ಶುರು ಮಾಡು.”

“ಯಾರಿಗಯ್ಯಾ ವಯಸ್ಸಾಗಿರೋದು?” ಎಂದರು ಮಿಸೆಸ್ ಹಾಲ್ವರ್ಸನ್. ಛಾವಣಿಯತ್ತ ನೋಡಿ ಒಂದು ಕ್ಷಣ ಯೋಚಿಸಿದರು. “ಇರಲಿ. ಬೇಕಾದ್ರೆ ಸ್ವಲ್ಪ ಕುಂಟ್ತೀನಿ.”

ಮೂರು ಗಂಟೆಗೆ ಕೋಡಿ ಮೇಲೇರಿ, ಬೆವರಿ, ಕೋಟನ್ನು ಕೆಳಗೆ ಎಸೆದ. ಫೋನು ಅದರ ಜೇಬಿನಲ್ಲೇ ಇತ್ತು. ಅಂಗಡಿಯಿಂದ ಕರೆ ಬಂತೆಂದು ಮಾವ ಹೊರಟ. ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುವವನಲ್ಲ. ಶಿಸ್ತಾಗಿ ಏಣಿಯನ್ನೂ ಟ್ರಕ್ಕಿಗೆ ಹೇರಿಕೊಂಡು ಹೋದ. ಮಿಸೆಸ್ ಹಾಲ್ವರ್ಸನ್ ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದರು.

ಕೋಡಿ ಬೊಬ್ಬೆ ಹೊಡೆದ, ಎರಡೂ ಕೈ ಬೀಸಿದ. ಡುಲೂತ್‌ನವರು ಸಭ್ಯರು. ದಾರಿಯಲ್ಲಿ ಹೋದವರೆಲ್ಲ ನಗುತ್ತ ತಿರುಗಿ ಕೈ ಬೀಸಿ ಮುಂದೆ ಹೋದರು.

ನಾಲ್ಕೂಕಾಲಿಗೆ ಸಹಪಾಠಿ ಟೆಸ್ಸ ಮಾಕಿ ಬಂದಳು. “ಅಲ್ಲೇನು ಮಾಡ್ತಿದೀಯೋ, ಕಾಗೆ ಥರ?”

“ಪ್ರಬಂಧಕ್ಕೆ ಕಣೇ! ಕೋಟಲ್ಲಿ ಫೋನಿದೆ, ಮೇಲಕ್ಕೆ ಎಸಿ!”

ಚಳಿಗೆ ಫೋನು ಸತ್ತಿತ್ತು. ಅವಳು ತನ್ನದರಿಂದ ಅಗ್ನಿಶಾಮಕದವರನ್ನು ಕರೆದಳು.

“ನಾನೂ ಅದೇ ಕಾಲೇಜಿಗೆ ಅರ್ಜಿ ಹಾಕಿದೀನಿ,” ಎಂದಳು. “ಐಚ್ಛಿಕ ಅಂತ ಬಿಟ್ಬಿಟ್ಟೆ. ನಂಗೇನು ಕಷ್ಟ ಇದೆ, ಬರೆಯೋಕೆ?”

“ಅಯ್ಯೋ ದಡ್ಡಿ!” ಕೋಡಿಯ ಹಲ್ಲುಗಳು ಹೊಲಿಗೆ ಯಂತ್ರದಂತೆ ಕಟಕಟಿಸುತ್ತಿದ್ದವು. “ಐಚ್ಛಿಕ ಅಂದ್ರೆ ಕಡ್ಡಾಯ! ಐದರವರೆಗೆ ಟೈಮಿದೆ. ಕಷ್ಟ ಇಲ್ದಿದ್ರೆ ಪರೋಪಕಾರ ಬರಿ!”

ಟೆಸ್ಸ ಅವನನ್ನು ಒಮ್ಮೆ ನೋಡಿದಳು. ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಟೈಪು ಮಾಡತೊಡಗಿದಳು. ಅಗ್ನಿಶಾಮಕದ ಗಾಡಿ ಐದೂ ಹತ್ತಕ್ಕೆ ಬಂತು.

ಮಾರ್ಚಿನಲ್ಲಿ ಪತ್ರಗಳು ಬಂದವು. ‘ಛಾವಣಿಯ ಮೇಲಿನ ಅಸಹಾಯಕ’ ಎಂಬ ಪ್ರಬಂಧಕ್ಕಾಗಿ ಟೆಸ್ಸಳಿಗೆ ಪೂರ್ತಿ ವಿದ್ಯಾರ್ಥಿವೇತನ. ಕೋಡಿಗೆ ಪ್ರವೇಶವಿತ್ತು, ಒಂದು ಡಾಲರಿನ ನೆರವೂ ಇರಲಿಲ್ಲ. ಪತ್ರದ ಅಡಿಯಲ್ಲಿ ಪ್ರವೇಶಾಧಿಕಾರಿ ಕೈಯಾರೆ ಬರೆದಿದ್ದರು:

‘ನಿಮ್ಮ ಅಂಕಗಳೇ ಹೆಚ್ಚಿದ್ದವು. ಆದರೆ ಪ್ರಬಂಧದ ಚೌಕ ಖಾಲಿ ಬಿಟ್ಟಿದ್ದೀರಿ. ನಿಮ್ಮ ಊರಿನಲ್ಲೇ ಎಂಥೆಂಥ ಘಟನೆಗಳು ನಡೆಯುತ್ತವೆ! ಆಗಾಗ ಮನೆಯಿಂದ ಹೊರಗೆ ಬನ್ನಿ.’