ಜೀಪು ತುಂಬಾ ಹಿರಿಯರು

ಜೀಪಿಗೆ ಜನ ಹತ್ತಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಯಾರೂ ಇಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಬಾಳೂರು ಕಡೆಯ ಎಸ್ಟೇಟೊಂದರಲ್ಲಿ ಮ್ಯಾನೇಜರಾಗಿದ್ದವನು ನಾನು. ಮೊದಲ ಹಾರನ್ನಿಗೆ ಆಳುಗಳು ದಡಬಡನೆ ಹತ್ತಬೇಕು, ಎರಡನೆಯದಕ್ಕೆ ಜೀಪು ಹೊರಡಬೇಕು. ಅದು ನನ್ನ ಕಾನೂನು. ನಿವೃತ್ತನಾಗಿ ಆಲ್ದೂರಿನ ಹತ್ತಿರ ಕ್ರಾಸೊಂದರ ಮೇಲ್ಗಡೆ ಮನೆ ಮಾಡಿದ ಮೇಲೆ ಈ ವಿದ್ಯೆಗೆ ತುಕ್ಕು ಹಿಡಿಯತೊಡಗಿತು. ಮನೆಯಲ್ಲಿ ಇದ್ದವಳು ನನ್ನ ಹೆಂಡತಿ ಶಾರದೆ ಒಬ್ಬಳೇ. ಅವಳು ಯಾವ ಹಾರನ್ನಿಗೂ ಏಳುವವಳಲ್ಲ.

ಆದರೂ ನಾನು ಸುಮ್ಮನೆ ಕೂರಲಿಲ್ಲ. ಒಂದು ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಸಾಸಿವೆ ಡಬ್ಬಿ ಎಲ್ಲೆಂದು ತಿಳಿಯದೆ ಅವಳ ಒಗ್ಗರಣೆ ಸೀದು ಕರಿಯಾಯಿತು. ಅವಳು ಅದೇ ಸಂಜೆ ವಿಮಲಾ ಟೀಚರ್ ಮನೆಗೆ ಹೋಗಿ ನನ್ನನ್ನು ಸಮಾಜಸೇವೆಗೆ ಅರ್ಪಿಸಿ ಬಂದಳು.

ವಿಮಲಾ ಟೀಚರ್ ಶಾಲೆಯಿಂದ ನಿವೃತ್ತರಾದ ಮೇಲೆ ಆಲ್ದೂರಿನ ಒಂದು ಖಾಲಿ ಕಾಫಿ ಗೋಡೌನಿನಲ್ಲಿ 'ಹಿರಿಯರ ಹಗಲುಮನೆ' ನಡೆಸುತ್ತಿದ್ದಾರೆ. ಸುತ್ತಲಿನ ಊರುಗಳ ವಯಸ್ಸಾದವರು ಬುಧವಾರ, ಶನಿವಾರ ಅಲ್ಲಿ ಸೇರುತ್ತಾರೆ. ಕುರ್ಚಿಯ ಮೇಲೆ ಕೂತೇ ಮಾಡುವ ವ್ಯಾಯಾಮ, ನರ್ಸಮ್ಮ ಬಂದು ಬಿಪಿ ನೋಡುವುದು, ಬಿಸಿ ಊಟ, ಊಟದ ಮೇಲೆ ಊರ ಸುದ್ದಿ. ದೂರದವರನ್ನು ಕರೆತರಲು ಬಾಡಿಗೆ ಜೀಪು. ಆ ಜೀಪೇ ತೊಂದರೆಯಾಗಿತ್ತು. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲವಂತೆ. ವ್ಯಾಯಾಮದ ಹೊತ್ತಿಗೆ ಅರ್ಧ ಕುರ್ಚಿ ಖಾಲಿ, ಊಟದ ಹೊತ್ತಿಗೆ ಮಾತ್ರ ಮನೆ ತುಂಬಾ ಜನ.

ಈ ನಡುವೆ ಗೋಡೌನಿನ ಯಜಮಾನರಿಗೆ ಮೆಣಸಿನ ವ್ಯಾಪಾರಿಯೊಬ್ಬ ಗಂಟುಬಿದ್ದಿದ್ದ. ಪುಕ್ಕಟೆ ಕೊಟ್ಟ ಜಾಗ ನಿಜವಾಗಿ ಉಪಯೋಗವಾಗುತ್ತಿದೆಯೇ ಎಂದು ಬುಧವಾರ ತಾವೇ ಬಂದು ನೋಡುವುದಾಗಿಯೂ, ಕುರ್ಚಿಗಳು ಖಾಲಿ ಕಂಡರೆ ಮೆಣಸು ತುಂಬಿಸಲು ಬಿಟ್ಟುಕೊಡುವುದಾಗಿಯೂ ಯಜಮಾನರು ಹೇಳಿಕಳಿಸಿದ್ದರು. ಟೀಚರ್ ಇದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ನಮ್ಮ ಕ್ರಾಸಿನ ಭಟ್ಟರ ಮನೆಯ ಸಾವಿತ್ರಮ್ಮನಿಗೆ ಮಂಡಿನೋವು ಬಂದಾಗಿನಿಂದ ಹೊಸ್ತಿಲು ದಾಟಲು ಇದೊಂದೇ ನೆಪ. ಆ ಬಾಗಿಲು ಮುಚ್ಚಿದರೆ ಅವರು ಮತ್ತೆ ಕಿಟಕಿಯಲ್ಲಿ ಕೂತು ಬಸ್ಸು ನೋಡುವುದೇ ಸೈ.

"ಜೀಪು ನನಗೆ ಬಿಡಿ ಟೀಚರೇ. ಹೊತ್ತಿಗೆ ಮುಂಚೆ ಕುರ್ಚಿ ತುಂಬಿಸದಿದ್ರೆ ನನ್ನ ಹೆಸರು ಬದಲಾಯಿಸಿ" ಎಂದೆ.

ಮೊದಲು ಪರಿಸ್ಥಿತಿಯ ಅಧ್ಯಯನ ಕೈಗೊಂಡೆ. ಶನಿವಾರ ಜೀಪಿನ ಜೊತೆ ಹೋದರೆ, ಅಯ್ಯೋ ದೇವರೇ! ತಿಮ್ಮೇಗೌಡ್ರು ಒಂದು ಕಾಲು ಜೀಪಿನೊಳಗೆ ಇಟ್ಟ ಮೇಲೆ ಕನ್ನಡಕ ಮರೆತದ್ದು ನೆನಪಾಗಿ ಇಳಿದು ಮನೆಗೆ ನಡೆದರು. ಅವರು ಬರುವಷ್ಟರಲ್ಲಿ ಸಾವಿತ್ರಮ್ಮ ಡ್ರೈವರ್ ನಾಗೇಶನಿಗೆ ಕಾಫಿ ತರಿಸಿಕೊಟ್ಟು, ಅವನ ತಂಗಿಯ ಬಾಣಂತನದ ವಿಚಾರ ತೆಗೆದರು. ಈ ಜೀಪು ಎಷ್ಟು ಹೊತ್ತಿಗೆ ವಾಪಸ್ಸು, ಯಾವ ದಾರಿ, ಯಾರ ಪಕ್ಕ ಯಾರು ಎಂದು ಪ್ರತಿಯೊಬ್ಬರದೂ ಒಂದೊಂದು ಪ್ರಶ್ನೆ. ಪಾಪ, ವಯಸ್ಸಾದವರು ಎಂದುಕೊಂಡೆ. ಅವರಲ್ಲಿ ಕೆಲವರು ನನಗಿಂತ ಚಿಕ್ಕವರು ಎಂಬುದು ಬೇರೆ ವಿಚಾರ.

ಅವತ್ತೇ ಎಲ್ಲರನ್ನೂ ನಿಲ್ಲಿಸಿ ಕಾನೂನು ಹೊರಡಿಸಿದೆ. ಬುಧವಾರ ಎಲ್ಲರೂ ಕ್ರಾಸಿಗೆ ಬಂದು ನಿಂತಿರತಕ್ಕದ್ದು. ಹಾರನ್ ಆದ ತಕ್ಷಣ ಬಂದ ಜೀಪನ್ನು ಹತ್ತತಕ್ಕದ್ದು. ಯಾರೂ ಯಾವ ಪ್ರಶ್ನೆಯನ್ನೂ ಕೇಳತಕ್ಕದ್ದಲ್ಲ. ತಿಮ್ಮೇಗೌಡ್ರು ಏನೋ ಕೇಳಲು ಬಾಯಿ ತೆರೆದರು. ಕೈ ಎತ್ತಿ ತಡೆದೆ.

ಮನೆಗೆ ಬಂದು ಶಾರದೆಗೆ ವರದಿ ಒಪ್ಪಿಸಿದರೆ ಅವಳು ನಕ್ಕುಬಿಟ್ಟಳು. "ಅವರೇನು ಕೊಯ್ಲಿಗೆ ಬಂದ ಆಳುಗಳಾ? ಕೆಳಗಿಳಿದು ಮುಖ ನೋಡಿ ಕರೀಬೇಕು ರೀ, ಅಷ್ಟೇ ಇರೋದು."

ಶಿಸ್ತು ಎಂದರೇನೆಂದು ಅಡುಗೆಮನೆಯವರಿಗೆ ಏನು ಗೊತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ದಡ್ಡ ನಾನಲ್ಲ.

ಬುಧವಾರ ಬಂತು. ಕಾಫಿ ಕೊಯ್ಲಿನ ಕಾಲ, ಕೈ ಚಾಚಿದರೆ ಕೈಯೇ ಕಾಣದಷ್ಟು ಮಂಜು. ಈ ಕಾಲದಲ್ಲಿ ನಮ್ಮ ಕ್ರಾಸಿನಲ್ಲಿ ಬೆಳಿಗ್ಗೆ ಸುತ್ತಲಿನ ತೋಟಗಳ ಜೀಪುಗಳೆಲ್ಲ ಆಳುಗಳನ್ನು ತುಂಬಿಕೊಂಡು ಹೋಗುತ್ತವೆ. ನಾನು ಮುಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡು ಗಾಂಭೀರ್ಯದಿಂದ ಕೂತಿದ್ದೆ. ಮ್ಯಾನೇಜರಾದವನು ಸೀಟಿನಿಂದ ಇಳಿಯುವುದಿಲ್ಲ. ಹಾರನ್ ಹೊಡೆಸಿದೆ. ಹಿಂದುಗಡೆ ಧಡಧಡ ಸದ್ದು. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಜೀಪು ತುಂಬಿ, ಟಾರ್ಪಾಲಿನ ಪರದೆಯೂ ಇಳಿಯಿತು. ಆಹಾ! ಒಂದೇ ಕಾನೂನಿಗೆ ಎಂಥ ಚುರುಕು ಬಂದಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಾಗೇಶ ಹಿಂದಕ್ಕೆ ತಿರುಗಿ ನೋಡಿ, "ಸಾರ್, ಒಂದ್ನಿಮಿಷ..." ಎಂದ.

"ಪ್ರಶ್ನೆ ಬೇಡ ಮಾರಾಯ, ನಡಿ."

ಅವನು ನಡೆದ. ನಮ್ಮ ಹಿಂದೆಯೇ ಇನ್ನೊಂದು ಜೀಪು ಬಂದು ನಿಂತು ಹಾರನ್ ಹೊಡೆದದ್ದು ಕೇಳಿಸಿತು. ಅದು ನನಗೆ ಸಂಬಂಧಪಟ್ಟದ್ದಲ್ಲ.

ಗೋಡೌನಿನ ಮುಂದೆ ಯಜಮಾನರು ಬಿಳಿ ಅಂಗಿ ತೊಟ್ಟು ಆಗಲೇ ಬಂದು ನಿಂತಿದ್ದರು. ಪಕ್ಕದಲ್ಲಿ ಆತಂಕದ ಮುಖದ ವಿಮಲಾ ಟೀಚರ್. ನಾನು ಇಳಿದು, "ನಮ್ಮ ಹಿರಿಯರು" ಎಂದು ಘೋಷಿಸಿ ಪರದೆ ಸರಿಸಿದೆ. ಒಳಗಿದ್ದವರು ಧುಮುಕಿದರು. ಹೌದು, ಧುಮುಕಿದರು! ಸೊಂಟಕ್ಕೆ ಕಟ್ಟಿದ ಚೀಲ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ಕಾಲಿಗೆ ಗಮ್‌ಬೂಟು. ಎಲ್ಲರೂ ಕಾಫಿ ಕೊಯ್ಯುವ ವಯಸ್ಸಾದ ಹೆಂಗಸರು. ಅವರ ಮುಂದಾಳು ಕೆಂಚಮ್ಮ ಒಳಗೆ ಇಣುಕಿ, ಸಾಲಾಗಿ ಇಟ್ಟ ಕುರ್ಚಿಗಳನ್ನು ನೋಡಿದಳು.

"ಇವತ್ತು ಕೂತ್ಕಂಡು ಕೊಯ್ಯೋದಾ ಸಾರ್?"

ಅದನ್ನೇ ಹೇಳಲು ಬಂದಿದ್ದೆ ಎಂದು ನಾಗೇಶ ಕಿವಿಯಲ್ಲಿ ಉಸುರಿದ. ಮರ್ಯಾದಸ್ಥನಾದವನು ಅಲ್ಲೇ ನಿಜ ಒಪ್ಪಿಕೊಳ್ಳುತ್ತಿದ್ದ. ನಾನು ಚಳಿಗೆ ಈ ವೇಷ ಎಂದು ಯಜಮಾನರಿಗೆ ಹೇಳಿ, ಎಲ್ಲರನ್ನೂ ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ಟೀಚರ್ ನನ್ನ ಕಡೆ ನೋಡಿದ ನೋಟಕ್ಕೆ, ಹೋಂವರ್ಕ್ ಮಾಡದ ಹುಡುಗನಂತೆ ಬೆಂಚಿನ ಮೇಲೆ ನಿಲ್ಲಬೇಕೆನಿಸಿತು. ಆದರೆ ಕುರ್ಚಿಗಳು ತುಂಬಿದ್ದವು, ಯಜಮಾನರು ಕೂತಿದ್ದರು. ಟೀಚರೂ ಗಂಟಲು ಸರಿಮಾಡಿಕೊಂಡು ವ್ಯಾಯಾಮ ಶುರುಮಾಡಿದರು.

ಕೈ ಮೇಲೆತ್ತಿ ಎಂದರೆ ಇಡೀ ಸಾಲಿನ ಕೈಗಳು ಎತ್ತರದ ಕೊಂಬೆ ಎಳೆಯುವವರಂತೆ ಸರ್ರನೆ ಮೇಲೇರಿದವು. ಬೆರಳು ಮಡಚಿ ಬಿಡಿಸಿ ಎಂದರೆ ಆ ವೇಗಕ್ಕೆ ಟೀಚರಿಗೇ ಸುಸ್ತು. ಯಜಮಾನರು ಮುಂದಕ್ಕೆ ಬಾಗಿ ಕೂತರು. ಈ ವಯಸ್ಸಿನಲ್ಲಿ ಇಂಥ ಚುರುಕನ್ನು ತಾವು ಎಲ್ಲೂ ನೋಡಿಲ್ಲವೆಂದೂ, ಈ ಹಗಲುಮನೆ ನಡೆಯಲೇಬೇಕೆಂದೂ ಹೊಗಳಿದರು. ನಾನು ಮೀಸೆ ತಿರುವಿದೆ. ಮೀಸೆ ಇಲ್ಲದ್ದರಿಂದ ಅದು ಇರಬೇಕಾದ ಜಾಗವನ್ನು ತಿರುವಿದೆ.

ಆಗ ತಲೆಗೆ ಹೊಳೆಯಿತು. ಇವರು ಇಲ್ಲಿದ್ದರೆ ಅವರೆಲ್ಲಿ?

ಬಂದ ಜೀಪು ಹತ್ತಿ ಎಂದವನು ನಾನೇ. ಯಾವುದೋ ತೋಟದ ಇಳಿಜಾರಿನಲ್ಲಿ, ಇಬ್ಬನಿಯಿಂದ ಜಾರುವ ನೆಲದಲ್ಲಿ ಸಾವಿತ್ರಮ್ಮ ಆ ಮಂಡಿ ಹೊತ್ತು ನಿಂತ ಚಿತ್ರ ಕಣ್ಮುಂದೆ ಬಂತು. ಆಗ ನಿಜವಾಗಿಯೂ ಭಯವಾಯಿತು. ಯಾರಾದರೂ ಬಿದ್ದು ಏನಾದರೂ ಆದರೆ ಗೋಡೌನು ಹೋಗಲಿ, ನಾನು ಯಾರಿಗೆ ಮುಖ ತೋರಿಸಲಿ? ಎದ್ದು ಯಜಮಾನರ ಬಳಿ ಎಲ್ಲ ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು.

ಯಜಮಾನರಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಕರೆ ಮಾಡಿದವನು ಅವರ ತೋಟದ ಹೊಸ ಮೇಸ್ತ್ರಿ.

"ಯಜಮಾನ್ರೇ, ಇವತ್ತು ಎಂಥ ಆಳುಗಳು ಬಂದಿದಾರೆ ಮಾರಾಯ್ರೆ! ಮಂಕಿ ಟೋಪಿ ಹಾಕ್ಕಂಡವ್ರು ಒಬ್ರು, ನೆರಳಿನ ಮರದ ಕೊಂಬೆ ಕಡಿಸಿದ್ದು ಸರಿಯಿಲ್ಲ ಅಂತ ನಂಗೇ ಬೈತಿದಾರೆ. ಒಬ್ರು ಅಮ್ಮ, ಕಾಫಿ ಕುಡೀದೆ ಎದ್ದೇಳಲ್ಲ ಅಂತಾರೆ. ಎಲ್ರೂ ಸೇರಿ ಬಿಪಿ ನೋಡೋ ನರ್ಸಮ್ಮ ಎಲ್ಲಿ ಅಂತ ಕೇಳ್ತಿದಾರೆ. ನಾನೆಲ್ಲಿಂದ ತರ್ಲಿ?"

ಯಜಮಾನರು ನನ್ನನ್ನು ನೋಡಿದರು. ಆಮೇಲೆ ಕೆಂಚಮ್ಮನನ್ನು ನೋಡಿ, ಯಾವ ತೋಟದವರಮ್ಮ ನೀವು ಎಂದು ಮೆಲ್ಲಗೆ ಕೇಳಿದರು. ಮೇಲಿನ ತೋಟಕ್ಕೆ ಈ ವಾರವಷ್ಟೇ ಬಂದವರೆಂದೂ, ಯಜಮಾನರು ಯಾರೋ, ಮುಖ ಕಂಡಿಲ್ಲವೆಂದೂ ಕೆಂಚಮ್ಮ ಹೇಳಿದಳು. ಅದು ಇವರದೇ ತೋಟ! ತಮ್ಮ ತೋಟದ ಆಳುಗಳನ್ನೇ ತಾವು ಇಷ್ಟು ಹೊತ್ತು ಬಾಯಿತುಂಬ ಹೊಗಳಿದ್ದು. ಅವರ ಮುಖ ಕೊಯ್ಲಿಗೆ ಬಂದ ಹಣ್ಣಿನಷ್ಟು ಕೆಂಪಾಯಿತು. ನನ್ನನ್ನು ಬೈಯೋಣವೆಂದರೆ ತಮ್ಮನ್ನೂ ಸೇರಿಸಿಕೊಂಡೇ ಬೈಯಬೇಕು. ಹಾಗಾಗಿ ಅವರು ಕಾರಿನ ಬಾಗಿಲು ತೆಗೆದು ನನ್ನನ್ನೂ ಕೂರಿಸಿಕೊಂಡರು.

ತೋಟ ಮುಟ್ಟುವವರೆಗೂ ನಾನು ದೇವರಿಗೆ ಹರಕೆ ಹೊರುತ್ತಲೇ ಇದ್ದೆ. ಮೇಸ್ತ್ರಿ ಬುದ್ಧಿವಂತ. ಯಾರನ್ನೂ ಇಳಿಜಾರಿಗೆ ಬಿಡದೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲೇ ಕೂರಿಸಿದ್ದ. ಸಾವಿತ್ರಮ್ಮ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು, ಕೈಗೆಟುಕುವ ರೆಂಬೆಯಿಂದ ಹಣ್ಣು ಬಿಡಿಸುತ್ತಿದ್ದರು. ಮಡಿಲು ತುಂಬಿತ್ತು. ಮುಖವೂ ಅರಳಿತ್ತು. ಅವರನ್ನು ಹಾಗೆ ಕಂಡು ನನಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲೇ, ಬೇರೆ ಜೀಪು ಎಂದು ಒಬ್ಬರಿಗೂ ಗೊತ್ತಾಗಲಿಲ್ಲವೇ ಎಂದು ಸ್ವಲ್ಪ ಗದರಿದೆ.

ತಿಮ್ಮೇಗೌಡ್ರು ಕನ್ನಡಕ ಸರಿಮಾಡಿಕೊಂಡರು. "ಗೊತ್ತಾಯ್ತಲ್ಲ ಮ್ಯಾನೇಜರೇ. ಪ್ರಶ್ನೆ ಕೇಳೋ ಹಾಗಿಲ್ಲ ಅಂದಿದ್ರಿ. ಹತ್ತಿದ್ವಿ."

ಎಲ್ಲರನ್ನೂ ಕರೆದುಕೊಂಡು ಗೋಡೌನಿಗೆ ಮರಳಿದೆವು. ಅಲ್ಲಿ ನರ್ಸಮ್ಮ ಆಗಲೇ ಬಂದು ಕೆಂಚಮ್ಮನ ಬಿಪಿ ನೋಡುತ್ತಿದ್ದರು. ಅವಳ ಜೀವಮಾನದಲ್ಲಿ ಯಾರೂ ಅದನ್ನು ನೋಡಿರಲಿಲ್ಲವಂತೆ. ವಿಮಲಾ ಟೀಚರ್ ಯಜಮಾನರ ಎದುರು ಬಂದು ನಿಂತು, "ಈ ಹೆಂಗಸರಿಗೂ ಅರವತ್ತು ದಾಟಿದೆ ಸಾರ್. ಭಾನುವಾರ ಇವರಿಗೂ ಬಾಗಿಲು ತೆಗೀತೀನಿ" ಎಂದರು. ಕೇಳಿದ್ದಲ್ಲ, ಹೇಳಿದ್ದು. ಯಜಮಾನರು ತಲೆಯಾಡಿಸಿದರು. ಮೆಣಸಿನ ವ್ಯಾಪಾರಿ ಬೇರೆ ಜಾಗ ನೋಡಿಕೊಳ್ಳಲಿ ಎಂದೂ ಹೇಳಿದರು. ಇವತ್ತಿನ ಕೂಲಿಗೆ ಹಾಜರಿ ಹಾಕುತ್ತೀರಲ್ಲ ಎಂದು ಕೆಂಚಮ್ಮ ಕೇಳಿದ್ದಕ್ಕೆ ಅದಕ್ಕೂ ಒಪ್ಪಿದರು. ಸಾವಿತ್ರಮ್ಮ ತಮ್ಮದೂ ಹಾಕಿ ಎಂದರು.

ಕೊನೆಗೆ ನರ್ಸಮ್ಮ ನನ್ನನ್ನೂ ಬಿಡಲಿಲ್ಲ. ಆ ದಿನ ಆ ಗೋಡೌನಿನಲ್ಲಿ ಎಲ್ಲರಿಗಿಂತ ಹೆಚ್ಚು ಬಿಪಿ ನನ್ನದೇ! ಜೀಪಿನ ಅಧಿಕಾರದಿಂದ ನನ್ನನ್ನು ಅಲ್ಲೇ ಸನ್ಮಾನಪೂರ್ವಕವಾಗಿ ಬಿಡುಗಡೆ ಮಾಡಿ, ಎರಡನೇ ಸಾಲಿನಲ್ಲಿ ಒಂದು ಕುರ್ಚಿ ಕೊಡಲಾಯಿತು. ಜೀಪಿನ ಉಸ್ತುವಾರಿ ಶಾರದೆಗೆ ಹೋಯಿತು.

ಶನಿವಾರ ಕ್ರಾಸಿನಲ್ಲಿ ನಾನೂ ಮಂಕಿ ಟೋಪಿ ಹಾಕಿಕೊಂಡು ಹಿರಿಯರ ಸಾಲಿನಲ್ಲಿ ನಿಂತಿದ್ದೆ. ಮಂಜಿನೊಳಗಿಂದ ಒಂದು ಜೀಪು ಬಂತು. ಹಾರನ್ ಇಲ್ಲ. ಶಾರದೆ ಕೆಳಗಿಳಿದು ಒಬ್ಬೊಬ್ಬರ ಮುಖ ನೋಡಿ, ಮಂಡಿ ಹೇಗಿದೆ, ರಾತ್ರಿ ನಿದ್ದೆ ಬಂತಾ ಎಂದು ಮಾತಾಡಿಸುತ್ತ ಕೈಹಿಡಿದು ಹತ್ತಿಸಿದಳು. ಜೀಪು ಹೊತ್ತಿಗೆ ಸರಿಯಾಗಿ ಹೊರಡುವುದರಲ್ಲಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

"ಇದು ನಮ್ಮದೇ ಜೀಪು ತಾನೇ?" ಎಂದು ಬಿಗುಮಾನದಿಂದ ಕೇಳಿದೆ.

"ಪ್ರಶ್ನೆ ಬೇಡ. ಹತ್ತಿ ಅಜ್ಜ" ಎಂದಳು.

ಒಂದು ಕಾಲು ಒಳಗಿಟ್ಟೆ. ಆಗ ನೆನಪಾಯಿತು, ಕನ್ನಡಕ ಮನೆಯಲ್ಲೇ ಉಳಿದಿತ್ತು. ಇಳಿದು ಮನೆಯ ಕಡೆ ನಡೆದೆ. ತಿಮ್ಮೇಗೌಡ್ರು ಜೀಪಿನೊಳಗಿಂದ ಕೈಚಾಚಿ ಹಾರನ್ ಹೊಡೆದರು.