ನಾಲ್ಕು ಬೆರಳು ಇಳಿದ ಸಮುದ್ರ

ನೀರಿನ ಮಟ್ಟದ ವಿಷಯದಲ್ಲಿ ನೇಸರಗಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊನ್ನೆಯವರೆಗೂ ನಂಬಿದ್ದೆ. ಪೇಪರಿನಲ್ಲಿ ನವಿಲುತೀರ್ಥ ಡ್ಯಾಮಿನ ಮಟ್ಟ ನೋಡದೆ ನಾನು ಚಹಾ ಮುಟ್ಟುವವನಲ್ಲ. ಹೀಗಿರುವಾಗ ಉಪಗ್ರಹ ಸಮುದ್ರದ ಮಟ್ಟವನ್ನೂ ಅಳೆಯುತ್ತದೆ ಎಂದು ಮೊಬೈಲಿನಲ್ಲಿ ಗೊತ್ತಾಯಿತು. ಬಣ್ಣದ ನಕ್ಷೆಯ ಪ್ರಕಾರ ಅರಬ್ಬೀ ಸಮುದ್ರ ಒಂದು ಕಡೆ ನಾಲ್ಕು ಬೆರಳು ಇಳಿದಿತ್ತು.

ಡ್ಯಾಮು ಇಳಿದರೆ ಕಾಲುವೆಗೆ ನೀರು ಬಿಡುವುದಿಲ್ಲ. ಸಮುದ್ರ ಇಳಿದರೆ ಮೋಡಕ್ಕೆ ಬಿಡುವುದಿಲ್ಲ. ಸರಳ ಲೆಕ್ಕ.

ಆ ದಿನ ಓಣಿಯ ಐದು ಮನೆಯ ಹೆಂಗಸರು ಕೂಡಿ ಯಂತ್ರದಲ್ಲಿ ಒತ್ತಿದ ಶಾವಿಗೆ ನಮ್ಮ ಮಾಳಿಗೆಯ ಮೇಲೆ ಒಣಗುತ್ತಿತ್ತು. ನನ್ನ ಹೆಂಡತಿ ಗಂಗವ್ವ ತನ್ನ ಪಾಲನ್ನು ಸಾಲಹಳ್ಳಿಯ ಮಗಳಿಗೆ ಕಳಿಸುವವಳಿದ್ದಳು.

"ಸಮುದ್ರದಾಗ ನೀರು ಇಳದೈತಿ, ಎಂಟು ದಿನ ಹನಿ ಬೀಳಂಗಿಲ್ಲ, ಆರಾಮ ಇರ್ರಿ," ಎಂದು ಓಣಿಗೆಲ್ಲ ಕೇಳುವಂತೆ ಘೋಷಿಸಿದೆ.

"ಏನ್ರಿ, ಕಿತ್ತೂರ ಕಡೆ ಮೋಡ ಕಪ್ಪಾಗೈತಿ. ಒಳಗ ತರತೇನಿ," ಎಂದಳು ಗಂಗವ್ವ.

"ಆಕಾಶಾನ ಕೆಳಗಿಂದ ನೋಡಿದ್ರ ತಿಳಿಯೂದಿಲ್ಲ. ಮ್ಯಾಲಿಂದ ನೋಡಬೇಕು."

ಅರ್ಧ ತಾಸಿನಲ್ಲಿ ಮಳೆ ಬಂತು. ನಾನೇ ಓಡಿ ತಾಡಪತ್ರಿ ಹೊದಿಸಿದೆ. ಅದರ ನಡುವೆ ಕೆರೆಯಷ್ಟು ನೀರು ನಿಂತಿತು. ಶಾವಿಗೆ ಹೇಗಿದೆ ನೋಡೋಣ ಎಂದು ತುದಿ ಎತ್ತಿದೆ. ಕೆರೆಯೆಲ್ಲ ಶಾವಿಗೆಯ ಮೇಲೆ ಇಳಿಯಿತು!

ಎದುರುಮನೆಯ ಶಾಂತವ್ವ ಇಣುಕಿ ನೋಡಿದಳು. "ಕಾಕಾ, ಸಮುದ್ರದಾಗ ಕಡಿಮಿ ಬಿದ್ದ ನೀರು ಇಲ್ಲೇ ಸಿಕ್ತು ನೋಡ್ರಿ."

ಗಾಳಿಗೆ, ಒಳಪ್ರವಾಹಕ್ಕೆ ಸಮುದ್ರದ ಮೈ ಅಲ್ಲಲ್ಲಿ ಏರಿಳಿಯುತ್ತದೆ, ಅದಕ್ಕೆ ತೂಬಿಲ್ಲ ಎಂದು ಪಕ್ಕದ ಮನೆಯ ಮಾಸ್ತರರು ಸಂಜೆ ಬಿಡಿಸಿ ಹೇಳಿದರು. ಉಪಗ್ರಹ ಅಷ್ಟು ದೂರದಿಂದ ಬೆರಳಿನ ಲೆಕ್ಕದಲ್ಲಿ ಸರಿಯಾಗಿಯೇ ಅಳೆದಿತ್ತು. ತಪ್ಪು ಓದಿದವನು ನಾನು.

ನೆನೆದ ಶಾವಿಗೆ ಒಣಗಿ ಹೊಲದ ಹೆಂಟೆಯಂತಾಯಿತು. ಗಂಗವ್ವ ಮಗಳಿಗೆಂದು ಮತ್ತೆ ಹಿಟ್ಟು ನಾದಿ, ಶಾವಿಗೆ ಯಂತ್ರದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟಳು. ಹಳೆಯದನ್ನು ಐದೂ ಮನೆಯವರು ಕುಟ್ಟಿ, ಉಪ್ಪಿಟ್ಟು ಮಾಡಿ, ಸರದಿಯಂತೆ ನನಗೇ ತಂದುಕೊಟ್ಟರು.

"ಬ್ಯಾಡ ಅನಬ್ಯಾಡ್ರಿ ಕಾಕಾ, ನಿಮ್ಮ ಸಲುವಾಗೇ ಮಾಡೇವಿ," ಎಂದಳು ಶಾಂತವ್ವ.

ಆಮೇಲೆ ಎಂಟು ದಿನ ನಿಜವಾಗಿಯೂ ಒಂದು ಹನಿ ಬೀಳಲಿಲ್ಲ. ನನ್ನ ಲೆಕ್ಕ ತಪ್ಪಿದ್ದು ಬರೀ ಒಂದು ದಿನ ಎಂದು ಓಣಿಗೆಲ್ಲ ಸಾರಬೇಕೆಂದಿದ್ದೆ. ಆದರೆ ಆ ಎಂಟೂ ದಿನ ನನ್ನ ಬಾಯಿ ತುಂಬ ಉಪ್ಪಿಟ್ಟಿತ್ತು.